ಕೀಲಿಕೈ ಯಾರ ಕೈಯಲ್ಲಿ

ಜೆರುಸಲೇಮಿನ ಪವಿತ್ರ ಸಮಾಧಿ ದೇವಾಲಯದ ಬಾಗಿಲನ್ನು ದಿನಾ ಬೆಳಗಿನ ಜಾವ ತೆರೆಯುವವರು ಕ್ರೈಸ್ತರಲ್ಲ. ಯೇಸುಸ್ವಾಮಿಯನ್ನು ಶಿಲುಬೆಗೇರಿಸಿದ ಕಪಾಲಗುಡ್ಡ, ಅವರ ದೇಹವನ್ನಿಟ್ಟ ಸಮಾಧಿ, ಎರಡೂ ಒಂದೇ ಮಾಡಿನ ಕೆಳಗಿವೆ. ನಮ್ಮ ಪಾಲಿಗೆ ಭೂಮಿಯ ಮೇಲೆ ಅದಕ್ಕಿಂತ ದೊಡ್ಡ ಇಗರ್ಜಿ ಇನ್ನೊಂದಿಲ್ಲ. ಅದರ ಕೀಲಿಕೈ ಇರುವುದು ಜೂದೆ ಎಂಬ ಮುಸ್ಲಿಂ ಮನೆತನದಲ್ಲಿ. ಆ ಕೀಲಿಯಿಂದ ಬಾಗಿಲು ತೆರೆಯುವ, ಮುಚ್ಚುವ ಹಕ್ಕು ನುಸೈಬೆ ಎಂಬ ಇನ್ನೊಂದು ಮುಸ್ಲಿಂ ಮನೆತನದ್ದು. ಸುಮಾರು ಒಂದಡಿ ಉದ್ದದ ಕಬ್ಬಿಣದ ಕೀಲಿ ಅದು. ಒಳಗೆ ರಾತ್ರಿ ಕಳೆದ ಸನ್ಯಾಸಿಗಳು ಬಾಗಿಲಿನ ಸಣ್ಣ ಕಿಂಡಿಯಿಂದ ಒಂದು ಏಣಿಯನ್ನು ಹೊರಗೆ ದಾಟಿಸುತ್ತಾರೆ. ಹೊರಗಿದ್ದವರು ಅದನ್ನು ಹತ್ತಿ ಮೇಲಿನ ಬೀಗ ತೆರೆಯುತ್ತಾರೆ. 1187ರಲ್ಲಿ ಸುಲ್ತಾನ ಸಲಾದಿನ್ ನಗರವನ್ನು ಗೆದ್ದ ಕಾಲದಿಂದ ಈ ಕ್ರಮ ನಡೆದುಬಂದಿದೆ ಎಂಬ ಪ್ರತೀತಿಯಿದೆ. ನುಸೈಬೆಯವರಂತೂ ತಮ್ಮ ಹಕ್ಕನ್ನು ಇನ್ನೂ ಹಿಂದಕ್ಕೆ, ಏಳನೆಯ ಶತಮಾನದ ಖಲೀಫ ಉಮರನ ಕಾಲದವರೆಗೆ ಒಯ್ಯುತ್ತಾರೆ.

ದೇವಾಲಯದ ಅಂಗಳದಲ್ಲಿ ನಮ್ಮನ್ನು ನಿಲ್ಲಿಸಿಕೊಂಡು ಗೈಡ್ ಇದನ್ನು ಹೇಳಿ ಮುಗಿಸಿ, ನಮ್ಮ ಮುಖಗಳಲ್ಲಿ ಬೆರಗು ಕಾಣಲೆಂದು ಕಾದ. ನಮ್ಮ ತಂಡದಲ್ಲಿ ಬಂಟ್ವಾಳದ ಕಡೆಯ ಒಬ್ಬ ಹಿರಿಯ ಕೃಷಿಕರಿದ್ದರು. ಊರಿನ ತುಳುವರೆಲ್ಲ ಅವರನ್ನು ಪೊರ್ಬುಗಳೇ ಎಂದು ಕರೆಯುವುದರಿಂದ ನಾವೂ ಹಾಗೆಯೇ ಕರೆಯುತ್ತಿದ್ದೆವು. ಅವರು ನಮ್ಮೊಂದಿಗೆ ಬಂದಿದ್ದ ಫಾದರ್ ಕಡೆಗೆ ತಿರುಗಿ, "ಇದರಲ್ಲಿ ಆಶ್ಚರ್ಯ ಎಂಥದು ಫಾದರ್? ನಮ್ಮಲ್ಲಿಯೂ ಹಾಗೇ ಉಂಟಲ್ಲ! ಧರ್ಮಸ್ಥಳದಲ್ಲಿ ದೇವರು ಮಂಜುನಾಥ. ಪೂಜೆ ಮಾಡುವವರು ಮಾಧ್ವ ಭಟ್ರು. ಆಡಳಿತ ಜೈನ ಹೆಗ್ಗಡೆಯವರದ್ದು. ಅವನಿಗೆ ಹೇಳಿ" ಎಂದರು.

ಫಾದರ್ ಹೇಳಿದರು. ಗೈಡ್ ಬೆತ್ಲೆಹೇಮಿನ ಅರಬ್ ಕ್ರೈಸ್ತ. ಅವನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ಹಾಗಾದರೆ ಜೈನರು ಶಿವನನ್ನು ನಂಬುವವರೇ ಎಂದು ವಿಚಾರಿಸಿದ. ಪೊರ್ಬುಗಳ ಹತ್ತಿರ ಅದಕ್ಕೂ ಉತ್ತರವಿತ್ತು. "ನಂಬುವುದು ಬೇರೆ, ನೋಡಿಕೊಳ್ಳುವುದು ಬೇರೆ. ನಂಬುವವರು ಕೋಟಿ ಜನ ಇರ್ತಾರೆ. ನೋಡಿಕೊಳ್ಳಲಿಕ್ಕೆ ಒಂದು ಮನೆ ಬೇಕು."

ಈ ಮಾತು ಮುಂದಿನ ದಿನಗಳ ನನ್ನ ಯಾತ್ರೆಯನ್ನೇ ಬದಲಿಸಿಬಿಟ್ಟಿತು. ಪವಿತ್ರ ಭೂಮಿಗೆ ಹೋಗುವ ನಮ್ಮ ಕಡೆಯವರು ಬೈಬಲಿನಲ್ಲಿ ಓದಿದ ಸ್ಥಳಗಳನ್ನು ಕಣ್ಣಾರೆ ಕಾಣಲು ಹೋಗುತ್ತಾರೆ. ನಾನೂ ಅದಕ್ಕೇ ಹೋದವನು. ಆದರೆ ಅಲ್ಲಿಂದಾಚೆಗೆ ಪ್ರತಿ ಸ್ಥಳದಲ್ಲೂ ಇನ್ನೊಂದು ಪ್ರಶ್ನೆ ಎದುರು ನಿಲ್ಲತೊಡಗಿತು: ಇದನ್ನು ಇಷ್ಟು ಕಾಲ ಕಾದವರು ಯಾರು?

ನಮ್ಮ ತಂಡ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಬೇರೆ ಬೇರೆ ಧರ್ಮಕೇಂದ್ರಗಳಿಂದ ಕೂಡಿಬಂದದ್ದು. ಹೆಚ್ಚಿನವರು ಕೊಂಕಣಿ ಮಾತಾಡುವ ಕಥೊಲಿಕರು. ಬೆಳ್ತಂಗಡಿ ಕಡೆಯಿಂದ ಮಲಯಾಳ ಮನೆಮಾತಿನ ದಂಪತಿಯೂ ಇದ್ದರು. ತಿರುವಾಂಕೂರಿನಿಂದ ಬಂದು ಚಾರ್ಮಾಡಿಯ ಬುಡದಲ್ಲಿ ಕಾಡು ಕಡಿದು ರಬ್ಬರು, ಕರಿಮೆಣಸು ಬೆಳೆದ ತಲೆಮಾರಿನ ಮಕ್ಕಳು ಅವರು. ಅಂಥವರ ಸಂಖ್ಯೆ ಬೆಳೆದದ್ದರಿಂದಲೇ 1999ರಲ್ಲಿ ಬೆಳ್ತಂಗಡಿಗೆ ಪ್ರತ್ಯೇಕ ಸಿರೊ ಮಲಬಾರ್ ಧರ್ಮಪ್ರಾಂತ್ಯವಾಯಿತು. 2023ರಲ್ಲಿ ಶಿವರಾತ್ರಿ ಮುಗಿದ ಬೆನ್ನಿಗೇ ವಿಭೂತಿ ಬುಧವಾರ ಬಂದಿತ್ತು. ನಾವು ಹೊರಟದ್ದು ಆ ತಪಸ್ಸುಕಾಲದಲ್ಲಿ. ಅಮ್ಮಾನಿನಲ್ಲಿ ಇಳಿದು, ಮೋಶೆ ವಾಗ್ದತ್ತ ನಾಡನ್ನು ದೂರದಿಂದ ನೋಡಿದ ನೆಬೊ ಬೆಟ್ಟ ಹತ್ತಿ, ಯೊರ್ದಾನ್ ನದಿ ದಾಟಿ ಒಳಗೆ ಹೋದೆವು. ಗಡಿಯಲ್ಲಿ ಕಾದ ಹೊತ್ತನ್ನು ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ಹೇಳಿ ಕಳೆದೆವು. ಕೊಂಕಣಿಯಲ್ಲಿ ಐದು, ಮಲಯಾಳದಲ್ಲಿ ಐದು.

ನಜರೇತಿನ ಮರಿಯಮ್ಮನ ಮನೆಯಿದ್ದ ಗುಹೆಯ ಮುಂದೆ ನಿಂತಾಗ ನಮ್ಮಲ್ಲಿ ಲೊರೆಟ್ಟೊದವರಿಗೆ ಕಣ್ಣು ತುಂಬಿಬಂತು. ಬಂಟ್ವಾಳದ ಲೊರೆಟ್ಟೊ ಇಗರ್ಜಿಗೆ ಆ ಹೆಸರು ಬಂದದ್ದು ಇಟಲಿಯ ಒಂದು ಊರಿನಿಂದ. ನಜರೇತಿನ ಆ ಮನೆಯೇ ಅಲ್ಲಿಗೆ ಬಂದು ನೆಲೆಸಿತು ಎಂಬ ಐತಿಹ್ಯದಿಂದ ಇಟಲಿಯ ಲೊರೆಟೊ ಪ್ರಸಿದ್ಧವಾಯಿತು. ನಜರೇತಿನ ಮನೆ ಇಟಲಿಗೆ, ಇಟಲಿಯ ಹೆಸರು ನೇತ್ರಾವತಿಯ ದಂಡೆಯ ಊರಿಗೆ. ಕಾರ್ಮೆಲ್ ಬೆಟ್ಟದ ಮೇಲೆ ಬಸ್ಸು ನಿಂತಾಗಲೂ ಹಾಗೆಯೇ ಆಯಿತು. ಮಂಗಳೂರಿನ ಬಿಕರ್ನಕಟ್ಟೆಯ ಬಾಲಯೇಸು ಕ್ಷೇತ್ರವಿರುವ ಗುಡ್ಡವನ್ನು ನಾವು ಕಾರ್ಮೆಲ್ ಹಿಲ್ ಎಂದೇ ಕರೆಯುವುದು. ಕೆಳಗೆ ಹೈಫಾ ಬಂದರು ಕಾಣುತ್ತಿತ್ತು. 1918ರ ಸೆಪ್ಟೆಂಬರ್ 23ರಂದು ಆ ಪಟ್ಟಣವನ್ನು ಒಟ್ಟೊಮನ್ ಸೇನೆಯಿಂದ ಬಿಡಿಸಿದ ಕುದುರೆ ಪಡೆಗಳಲ್ಲಿ ಮೈಸೂರು ಲ್ಯಾನ್ಸರ್ಸ್ ಇತ್ತು. ಕನ್ನಡ ನಾಡಿನ ಸವಾರರು ಏರಿದ ಗುಡ್ಡ ಅದು ಎಂದು ತಂಡಕ್ಕೆ ಹೇಳಿದಾಗ, ಅಷ್ಟು ಹೊತ್ತು ಕಿಟಕಿಗೆ ತಲೆ ಕೊಟ್ಟು ಮಲಗಿದ್ದ ಕಾಲೇಜು ಹುಡುಗರು ಎದ್ದು ನೋಡಿದರು.

ಆದರೆ ನಮ್ಮ ಊರಿನ ಹೆಸರುಗಳಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರದ್ದು ಫರಂಗಿಪೇಟೆಯ ಮೊಂತೆ ಮರಿಯಾನೊ, ಮರಿಯಮ್ಮನ ಗುಡ್ಡ. ಕರಾವಳಿಯ ಕಥೊಲಿಕರೆಲ್ಲ ಸೆಪ್ಟೆಂಬರ್ 8ರಂದು ಹೊಸ ಭತ್ತದ ತೆನೆ ಮನೆಗೆ ತಂದು ಆಚರಿಸುವ ಮೋಂತಿ ಫೆಸ್ತ್ ಹುಟ್ಟಿದ್ದು ಅಲ್ಲಿ, 1763ರಲ್ಲಿ, ಗೋವೆಯ ಧರ್ಮಗುರು ಜೋಕಿಂ ಮಿರಾಂದ ಅವರಿಂದ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಸೆರೆಹಿಡಿದ ದಿನ ವಿಭೂತಿ ಬುಧವಾರ ಎಂದು ನಮ್ಮ ಸಮುದಾಯದ ನೆನಪು. ದಾರಿಯಲ್ಲಿ ಸತ್ತವರು, ಸೆರೆಯಲ್ಲಿ ಸತ್ತವರು ಎಷ್ಟೋ. ಉಳಿದವರು ಮರಳಿದ್ದು 1799ರ ಬಳಿಕ. ಇಗರ್ಜಿಗಳು ಒಂದರ ಹಿಂದೆ ಒಂದು ನೆಲಸಮವಾದ ಆ ದಿನಗಳಲ್ಲಿ ಮೊಂತೆ ಮರಿಯಾನೊ ಉಳಿಯಿತು. ಜೋಕಿಂ ಮಿರಾಂದ ಹೈದರಾಲಿಯ ಗೆಳೆಯರಾಗಿದ್ದರು, ತಂದೆಯ ಗೆಳೆಯನ ಇಗರ್ಜಿಯನ್ನು ಮಗ ಮುಟ್ಟಲಿಲ್ಲ ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ನಮ್ಮ ಇತಿಹಾಸದ ಅತ್ಯಂತ ಕಠಿಣ ವರ್ಷದಲ್ಲಿ ಒಂದು ಗೋಡೆ ನಿಂತದ್ದು ಬೇರೆ ಬೇರೆ ಧರ್ಮದ ಇಬ್ಬರ ನಡುವಿನ ಸ್ನೇಹದ ಮೇಲೆ. ಚಿಕ್ಕಂದಿನಲ್ಲಿ ತೆನೆಯ ಹಬ್ಬದ ದಿನ ಈ ಕಥೆ ಕೇಳಿದ್ದೆ. ಅದು ಎಷ್ಟು ದೊಡ್ಡ ಕಥೆಯೆಂದು ಅರಿವಾಗಲು ಜೆರುಸಲೇಮಿಗೆ ಹೋಗಬೇಕಾಯಿತು.

ಯಾತ್ರೆ ಎಂದರೆ ಏನೆಂದು ನಾನು ಮೊದಲು ನೋಡಿದ್ದು ಮುಂಡಾಜೆಯಲ್ಲಿ, ನನ್ನ ಅಜ್ಜಿಯ ಮನೆಯ ಎದುರಿನ ರಸ್ತೆಯಲ್ಲಿ. ಶಿವರಾತ್ರಿಗೆ ಮುಂಚೆ ಬೆಂಗಳೂರು, ಚಿಕ್ಕಮಗಳೂರು, ಹಾಸನದ ಕಡೆಯಿಂದ ಧರ್ಮಸ್ಥಳದ ಪಾದಯಾತ್ರಿಗಳು ಚಾರ್ಮಾಡಿ ಘಾಟಿ ಇಳಿದು ಬರುತ್ತಾರೆ. ಬರಿಗಾಲು, ಹೆಗಲಿಗೆ ಒಂದು ಚೀಲ, ಬಿಸಿಲಿಗೆ ತಲೆಯ ಮೇಲೆ ಒದ್ದೆ ಟವೆಲು. ಬೊಬ್ಬೆಯೆದ್ದ ಪಾದಕ್ಕೆ ಬಟ್ಟೆ ಸುತ್ತಿಕೊಂಡು ಕುಂಟುತ್ತ ನಡೆಯುವವರು. ರಸ್ತೆಯ ಬದಿಯಲ್ಲಿ ಕೆಲವರು ಚಪ್ಪರ ಹಾಕಿ ಪಾನಕ, ಹಣ್ಣು ಕೊಡುತ್ತಿದ್ದರು. ಅಜ್ಜಿಗೆ ಚಪ್ಪರ ಹಾಕುವಷ್ಟು ಅನುಕೂಲವಿರಲಿಲ್ಲ. ಒಂದು ಕೊಡಪಾನ ಮಜ್ಜಿಗೆಗೆ ಶುಂಠಿ, ಹಸಿಮೆಣಸು ಜಜ್ಜಿ ಹಾಕಿ ಗೇಟಿನ ಹತ್ತಿರ ಇಡುತ್ತಿದ್ದಳು. ಸಂಜೆ ತೇರ್ಸ್ ಮುಗಿಸಿ ಕೊಡಪಾನ ಖಾಲಿಯಾಗಿದೆಯೋ ನೋಡಿ ಬರುತ್ತಿದ್ದಳು. ಅವಳು ಪಾದಯಾತ್ರಿಗಳಿಗೆ ಕೇಳುತ್ತಿದ್ದದ್ದು ಒಂದೇ, "ಎಲ್ಲಿಂದ ನಡೆದುಕೊಂಡು ಬಂದದ್ದು ಮಾರಾಯ್ರೇ?" ಉತ್ತರ ಕೇಳಿ, ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದಳು.

ಜೆರುಸಲೇಮಿನ ಹಳೆಯ ಪಟ್ಟಣ ಒಂದು ಚದರ ಕಿಲೊಮೀಟರಿನಷ್ಟೂ ಇಲ್ಲ. ಹದಿನಾರನೆಯ ಶತಮಾನದಲ್ಲಿ ಒಟ್ಟೊಮನ್ ಸುಲ್ತಾನ ಸುಲೈಮಾನ್ ಕಟ್ಟಿಸಿದ ಕೋಟೆಯ ಒಳಗೆ ಯಹೂದ್ಯರು, ಮುಸ್ಲಿಮರು, ಕ್ರೈಸ್ತರು, ಆರ್ಮೇನಿಯದವರು ಒಬ್ಬರ ಗೋಡೆಗೆ ಒಬ್ಬರ ಗೋಡೆ ತಾಗಿಸಿಕೊಂಡು ಬಾಳುತ್ತಾರೆ. ಹೆರೋದನ ದ್ವಾರದ ಒಳಗೆ ಒಂದು ಭಾರತೀಯ ಛತ್ರವೂ ಇದೆ. ಪಂಜಾಬಿನ ಸೂಫಿ ಸಂತ ಬಾಬಾ ಫರೀದ್ ತಂಗಿದ್ದರೆಂದು ಹೇಳುವ ಜಾಗ ಅದು. 1924ರಿಂದ ಅದನ್ನು ನೋಡಿಕೊಳ್ಳುತ್ತಿರುವುದು ಸಹಾರನಪುರ ಮೂಲದ ಅನ್ಸಾರಿ ಮನೆತನ. ಹೊರಗಿನ ಬಾಗಿಲಿನ ಫಲಕ ನೋಡಿ ಪೊರ್ಬುಗಳು ಅದಕ್ಕೂ ಕೈಮುಗಿದರು.

ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಫ್ರಾನ್ಸಿಸ್ಕನ್ ಸನ್ಯಾಸಿಗಳು ಶಿಲುಬೆ ಹಾದಿ ನಡೆಸುತ್ತಾರೆ. ಹದಿನಾಲ್ಕು ಸ್ಥಳಗಳಲ್ಲಿ ಒಂಬತ್ತು ಬೀದಿಯಲ್ಲಿವೆ, ಕೊನೆಯ ಐದು ದೇವಾಲಯದ ಒಳಗೆ. ನಮ್ಮ ಊರಿನ ಇಗರ್ಜಿಗಳಲ್ಲಿ ಈ ಹದಿನಾಲ್ಕು ಚಿತ್ರಗಳ ಮುಂದೆ ಗಂಭೀರ ಮೌನದಲ್ಲಿ ಮೊಣಕಾಲೂರಿ ಬೆಳೆದವರು ನಾವು. ಇಲ್ಲಿ ಮೌನವೇ ಇಲ್ಲ. ಓಣಿಯ ಎರಡೂ ಬದಿ ಅಂಗಡಿ. ಮಸಾಲೆಯ ರಾಶಿ, ಮಕ್ಕಳ ಆಟಿಕೆ, ಬೆಳ್ಳಿಯ ಶಿಲುಬೆ, ತಟ್ಟೆ ತುಂಬ ಬಿಸಿ ಕುನಾಫ. ತಳ್ಳುಗಾಡಿಯ ಹುಡುಗ ದಾರಿ ಬಿಡಿ ಎಂದು ಕೂಗುತ್ತ ಶಿಲುಬೆ ಹೊತ್ತವರ ನಡುವೆಯೇ ನುಗ್ಗುತ್ತಾನೆ. ತಂಡದ ಕೆಲವರಿಗೆ ಇದರಿಂದ ನೋವಾಯಿತು. ಧ್ಯಾನ ಮಾಡಲು ಬಿಡುವುದಿಲ್ಲವಲ್ಲ ಎಂದು ಒಬ್ಬ ಹೆಂಗಸು ಅತ್ತೇಬಿಟ್ಟರು. ನನಗೆ ಮಾತ್ರ ಅದೇ ಸರಿಯೆನಿಸಿತು. ಯೇಸುಸ್ವಾಮಿ ಶಿಲುಬೆ ಹೊತ್ತು ನಡೆದದ್ದೂ ಪಾಸ್ಕ ಹಬ್ಬಕ್ಕೆ ಕಿಕ್ಕಿರಿದ ಪಟ್ಟಣದಲ್ಲಿ, ವ್ಯಾಪಾರ ಮಾಡುವವರ ನಡುವೆ. ಅಂದು ಪಿಲಾತನ ನ್ಯಾಯಸ್ಥಾನ ಪಟ್ಟಣದ ಪಶ್ಚಿಮಕ್ಕೆ, ಹೆರೋದನ ಅರಮನೆಯಲ್ಲಿತ್ತೆಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಹಾಗಿದ್ದರೆ ಅವರು ನಡೆದ ದಾರಿಯೇ ಬೇರೆ. ಈಗಿನ ದಾರಿ ಮಧ್ಯಯುಗದ ಯಾತ್ರಿಕರ ನಡಿಗೆಯಿಂದ ಗೊತ್ತಾದದ್ದು. ಇದು ತಿಳಿದ ಮೇಲೂ ಆ ಕಲ್ಲುಹಾಸಿನ ಮೇಲೆ ನನ್ನ ಭಕ್ತಿ ಒಂದಿಷ್ಟೂ ಕಡಿಮೆಯಾಗಲಿಲ್ಲ. ಶತಮಾನಗಳಿಂದ ಜನ ಅಳುತ್ತ ನಡೆದ ದಾರಿ ತನ್ನ ಹಕ್ಕನ್ನು ತಾನೇ ಗಳಿಸಿಕೊಂಡಿರುತ್ತದೆ.

ಹಾದಿಯ ಆರಂಭದ ಹತ್ತಿರ ಸಂತ ಅನ್ನಮ್ಮನ ಇಗರ್ಜಿಯಿದೆ. ಹನ್ನೆರಡನೆಯ ಶತಮಾನದಲ್ಲಿ ಕ್ರೂಸೇಡಿನವರು ಕಟ್ಟಿದ್ದು. ಸಲಾದಿನ್ ಅದನ್ನು ಕೆಡವದೆ ಮದರಸ ಮಾಡಿದ. ಆಗ ಕೆತ್ತಿದ ಅರಬಿ ಶಾಸನ ಇಂದಿಗೂ ಇಗರ್ಜಿಯ ಬಾಗಿಲಿನ ಮೇಲಿದೆ. 1856ರಲ್ಲಿ ಒಟ್ಟೊಮನ್ ಸುಲ್ತಾನ ಅದನ್ನು ಫ್ರಾನ್ಸಿಗೆ ಕೊಟ್ಟ ಬಳಿಕ ಮತ್ತೆ ಇಗರ್ಜಿಯಾಯಿತು. ಶಾಸನವನ್ನು ಯಾರೂ ಕಿತ್ತುಹಾಕಲಿಲ್ಲ. ಒಳಗೆ ಒಂದು ಸ್ವರ ಹಾಡಿದರೆ ಕಲ್ಲಿನ ಕಮಾನುಗಳು ಅದನ್ನು ಬಹಳ ಹೊತ್ತು ಹಿಡಿದಿಟ್ಟುಕೊಳ್ಳುತ್ತವೆ. ನಾವು ಮರಿಯಮ್ಮನ ಒಂದು ಹಳೆಯ ಕೊಂಕಣಿ ಗೀತೆ ಹಾಡಿದೆವು. ನಮ್ಮ ಬೇಸೂರಿನ ದನಿಗಳನ್ನೂ ಆ ಕಟ್ಟಡ ಚೆಂದ ಮಾಡಿ ಹಿಂದೆ ಕೊಟ್ಟಿತು. ಮುಂದಿನ ಸರದಿಗೆ ಕಾದಿದ್ದ ಆಫ್ರಿಕದ ಯಾತ್ರಿಕರು ಮುಗಿದ ಮೇಲೂ ಸುಮ್ಮನೆ ನಿಂತೇ ಇದ್ದರು.

ಪವಿತ್ರ ಸಮಾಧಿ ದೇವಾಲಯದ ಒಳಗಿನ ಕಥೆ ಇಷ್ಟು ಸಿಹಿಯಲ್ಲ. ಸಾಮ್ರಾಟ ಕಾನ್‌ಸ್ಟಂಟೈನ್ ಕಟ್ಟಿಸಿ 335ರಲ್ಲಿ ಪ್ರತಿಷ್ಠೆಯಾದ ದೇವಾಲಯವನ್ನು 1009ರಲ್ಲಿ ಖಲೀಫ ಅಲ್ ಹಾಕಿಂ ಕೆಡವಿಸಿದ. ಮತ್ತೆ ಕಟ್ಟಿದರು. ಕ್ರೂಸೇಡಿನವರು ಇನ್ನಷ್ಟು ಕಟ್ಟಿ 1149ರಲ್ಲಿ ಪ್ರತಿಷ್ಠೆ ಮಾಡಿದರು. ಇಂದು ಒಳಗೆ ಗ್ರೀಕ್ ಆರ್ಥೊಡಾಕ್ಸ್, ಕಥೊಲಿಕ್, ಆರ್ಮೇನಿಯನ್, ಕೊಪ್ಟಿಕ್, ಸಿರಿಯಕ್, ಇಥಿಯೋಪಿಯನ್ ಎಂಬ ಆರು ಪಂಗಡಗಳಿವೆ. ಯಾವ ಕಂಬ ಯಾರದ್ದು, ಯಾವ ಮೆಟ್ಟಿಲನ್ನು ಯಾರು ಗುಡಿಸಬೇಕು, ಯಾವ ದೀಪಕ್ಕೆ ಯಾರು ಎಣ್ಣೆ ಹಾಕಬೇಕು, ಎಲ್ಲವೂ ಒಟ್ಟೊಮನ್ ಕಾಲದ 1757 ಮತ್ತು 1852ರ ಫರ್ಮಾನುಗಳ ಪ್ರಕಾರ ನಡೆಯುತ್ತವೆ. ಮುಖ್ಯ ಬಾಗಿಲಿನ ಮೇಲಿನ ಕಿಟಕಿಯ ಕೆಳಗೆ ಒಂದು ಮರದ ಏಣಿ ಇದೆ. ಹದಿನೆಂಟನೆಯ ಶತಮಾನದ ಚಿತ್ರಗಳಲ್ಲೂ ಅದು ಅಲ್ಲೇ ಇದೆ. ಎಲ್ಲರೂ ಒಪ್ಪದೆ ಅದನ್ನು ತೆಗೆಯುವಂತಿಲ್ಲ. 2002ರಲ್ಲಿ ಛಾವಣಿಯ ಮೇಲೆ ಕೂತ ಕೊಪ್ಟಿಕ್ ಸನ್ಯಾಸಿಯೊಬ್ಬ ಬಿಸಿಲಿಗೆ ತನ್ನ ಕುರ್ಚಿಯನ್ನು ನೆರಳಿಗೆ ಸರಿಸಿದ್ದಕ್ಕೆ ಇಥಿಯೋಪಿಯದವರೊಂದಿಗೆ ಹೊಡೆದಾಟವಾಗಿ ಹಲವರು ಆಸ್ಪತ್ರೆ ಸೇರಿದರು. 2008ರ ನವೆಂಬರಿನಲ್ಲಿ ಗ್ರೀಕ್ ಮತ್ತು ಆರ್ಮೇನಿಯನ್ ಸನ್ಯಾಸಿಗಳು ಸಮಾಧಿಯ ಹತ್ತಿರವೇ ಬಡಿದಾಡಿದ್ದನ್ನು ಲೋಕವೆಲ್ಲ ಟಿ.ವಿ.ಯಲ್ಲಿ ನೋಡಿತು.

2008 ಎಂದಾಗ ನಮ್ಮ ಜಿಲ್ಲೆಯವರಿಗೆ ಬೇರೆಯೇ ನೆನಪು. ಆ ವರ್ಷ ಸೆಪ್ಟೆಂಬರ್ 14ರ ಭಾನುವಾರ ಮಂಗಳೂರಿನ ಮಿಲಾಗ್ರಿಸ್ ಬಳಿಯ ಆರಾಧನಾ ಮಠಕ್ಕೆ ನುಗ್ಗಿ ಶಿಲುಬೆ ಮುರಿದರು. ಜಿಲ್ಲೆಯ ಬೇರೆ ಪ್ರಾರ್ಥನಾ ಮಂದಿರಗಳ ಮೇಲೂ ದಾಳಿಯಾಯಿತು. ಅಂದು ರಾತ್ರಿ ನಮ್ಮ ಇಗರ್ಜಿಯ ಅಂಗಳದಲ್ಲಿ ಪಹರೆಗೆ ಕೂತವರಲ್ಲಿ ನಾನೂ ಒಬ್ಬ. ನೆರೆಯ ಭಜನಾ ಮಂದಿರದ ಇಬ್ಬರು ಯಾರೂ ಕರೆಯದೆ ಬಂದು, ಬೆಳಗಾಗುವ ತನಕ ನಮ್ಮೊಂದಿಗೆ ಕೂತಿದ್ದರು. ಅವರು ಏನೂ ಹೇಳಲಿಲ್ಲ. ನಾವೂ ಕೇಳಲಿಲ್ಲ. ಜೆರುಸಲೇಮಿನ ಆ ಏಣಿಯ ಕೆಳಗೆ ನಿಂತಾಗ ನನಗೆ ಅವರಿಬ್ಬರ ನೆನಪಾಯಿತು. ಕ್ರೈಸ್ತರು ಕ್ರೈಸ್ತರನ್ನೇ ನಂಬದ ಕಡೆ ಕೀಲಿಕೈ ಮುಸ್ಲಿಮರ ಕೈಯಲ್ಲಿರುವುದು ನಾಚಿಕೆಯ ಮಾತು ಎನ್ನುವವರಿದ್ದಾರೆ. ನಾನು ಹಾಗೆ ಎಣಿಸುವುದಿಲ್ಲ. ತನ್ನದಲ್ಲದ ದೇವರ ಬಾಗಿಲನ್ನು ತಲೆಮಾರುಗಳ ಕಾಲ ಹೊತ್ತಿಗೆ ಸರಿಯಾಗಿ ತೆರೆಯುವುದು ಎಷ್ಟು ದೊಡ್ಡ ಸೇವೆ! ತನ್ನದೇ ದೇವರಾಗಿದ್ದರೆ ಪುಣ್ಯದ ಆಸೆಯಾದರೂ ಇರುತ್ತದೆ.

ಸಮಾಧಿಯ ಒಳಗೆ ನಮಗೆ ಸಿಕ್ಕಿದ್ದು ಕೆಲವೇ ಕ್ಷಣ. ಬಾಗಿಲು ಗಿಡ್ಡ, ಬಗ್ಗಿಯೇ ಹೋಗಬೇಕು. ಒಮ್ಮೆಗೆ ನಾಲ್ಕೈದು ಜನರಿಗಿಂತ ಹೆಚ್ಚು ಹಿಡಿಸುವುದಿಲ್ಲ. 2016ರ ಅಕ್ಟೋಬರಿನಲ್ಲಿ ಜೀರ್ಣೋದ್ಧಾರಕ್ಕಾಗಿ ಶತಮಾನಗಳ ಬಳಿಕ ಮೊದಲ ಸಲ ಸರಿಸಿದ ಅಮೃತಶಿಲೆಯ ಹಾಸು ಅಲ್ಲಿದೆ. ಸಾವಿರಾರು ಕೈ ತಾಗಿ ನುಣುಪಾಗಿದೆ. ಪೊರ್ಬುಗಳು ತೀರಿಹೋದ ಹೆಂಡತಿಯ ತೇರ್ಸ್‌ಮಣಿಯನ್ನು ಅದರ ಮೇಲಿಟ್ಟು ಹಣೆಯೂರಿದರು. ಹೊರಡಿ ಹೊರಡಿ ಎಂದು ಅವಸರಿಸುತ್ತಿದ್ದ ಗ್ರೀಕ್ ಸನ್ಯಾಸಿ ಅವರ ಬೆನ್ನು ನೋಡಿ ಸುಮ್ಮನಾದ. ನಾನು ಏನು ಪ್ರಾರ್ಥಿಸಬೇಕೆಂದು ಊರಿನಿಂದಲೇ ಬರೆದು ತಂದಿದ್ದ ಚೀಟಿ ಜೇಬಿನಲ್ಲೇ ಉಳಿಯಿತು. ಆ ಕಲ್ಲಿಗೆ ಕೈ ತಾಗಿಸಿದಾಗ ಬಾಯಿಂದ ಬಂದದ್ದು ಅಪ್ಪ ಅಮ್ಮನ ಹೆಸರು ಮಾತ್ರ.

ಗೆತ್ಸೆಮನಿ ತೋಟದಲ್ಲಿ ಎಂಟು ಮುದಿ ಓಲಿವ್ ಮರಗಳಿವೆ. ಇಟಲಿಯ ವಿಜ್ಞಾನಿಗಳು ಅವುಗಳಲ್ಲಿ ಮೂರರ ಕಾಂಡ ಪರೀಕ್ಷಿಸಿ, ಹನ್ನೊಂದು ಹನ್ನೆರಡನೆಯ ಶತಮಾನದವೆಂದು 2012ರಲ್ಲಿ ಪ್ರಕಟಿಸಿದರು. ಉಳಿದವುಗಳ ಒಳಗು ಟೊಳ್ಳಾದದ್ದರಿಂದ ಪ್ರಾಯ ಹೇಳಲಾಗಲಿಲ್ಲ. ಎಂಟೂ ಒಂದೇ ತಾಯಿಮರದ ಕೊಂಬೆಗಳಿಂದ ಬೆಳೆಸಿದವು ಎಂಬುದೂ ಆ ಪರೀಕ್ಷೆಯಲ್ಲೇ ಗೊತ್ತಾಯಿತು. ಯೇಸುಸ್ವಾಮಿ ರಕ್ತ ಬೆವರಿ ಪ್ರಾರ್ಥಿಸಿದ ರಾತ್ರಿಯನ್ನು ಕಂಡ ಮರಗಳು ಇವಲ್ಲ ಎಂದು ತಿಳಿದು ತಂಡದಲ್ಲಿ ಕೆಲವರು ಮುಖ ಸಣ್ಣ ಮಾಡಿದರು. ಕೃಷಿಕರು ಹಾಗೆ ಮಾಡಲಿಲ್ಲ. ಯಾರೋ ಒಬ್ಬ ತೋಟಗಾರ ಪೂಜ್ಯವಾದ ಒಂದು ಮರ ಸಾಯುವ ಮುಂಚೆ ಅದರ ಕೊಂಬೆ ಕಡಿದು ನೆಟ್ಟು, ನೀರು ಹಾಕಿ, ಬೇಲಿ ಕಟ್ಟಿದ. ಅವನ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ನಮ್ಮ ಮಲಯಾಳದ ಚೇಟ್ಟ ಒಂದು ಕಾಂಡದ ಗಂಟನ್ನು ಬೇಲಿಯಾಚೆಯಿಂದ ನೋಡಿ, ಸವರಿದ ಕತ್ತಿಯ ಗುರುತು ಇನ್ನೂ ಕಾಣುತ್ತದೆ ಎಂದರು.

ಅಲ್ಲಿ ಮೂಡುಬಿದಿರೆಯ ಶಿಕ್ಷಕರೊಬ್ಬರು ತಮ್ಮ ಊರಿನ ಮಾತು ತೆಗೆದರು. ಮೂಡುಬಿದಿರೆಯನ್ನು ಜೈನಕಾಶಿ ಎನ್ನುತ್ತಾರೆ. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿ ಸೇರಿ ಹದಿನೆಂಟು ಬಸದಿಗಳ ಊರು. ರಾಜಸ್ಥಾನ, ಗುಜರಾತಿನಿಂದ ಬಿಳಿಬಟ್ಟೆಯ ಯಾತ್ರಿಕರು ಬಸ್ಸು ಮಾಡಿಕೊಂಡು ಬರುತ್ತಾರೆ. ಶಾಲೆಗೆ ಹೋಗುವಾಗ ದಿನಾ ಅವರನ್ನು ದಾಟಿ ಹೋಗುತ್ತಿದ್ದರೂ, ಇವರು ಇಷ್ಟು ದೂರ ಏಕೆ ಬರುತ್ತಾರೆಂದು ತಾನು ಕೇಳಿರಲಿಲ್ಲ ಎಂದರು ಆ ಶಿಕ್ಷಕರು. ದಿಗಂಬರ ಜೈನರ ಮೂಲ ಆಗಮ ಷಟ್ಖಂಡಾಗಮ, ಅದರ ಮೇಲಿನ ಧವಲಾ ಟೀಕೆ ಬೇರೆಡೆ ಕಣ್ಮರೆಯಾದಾಗ ತಾಳೆಗರಿಯಲ್ಲಿ ಉಳಿದದ್ದು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ. ಭಾಷೆ ಪ್ರಾಕೃತ, ಲಿಪಿ ಕನ್ನಡ. ಅದು ಅಚ್ಚಾಗಿ ಲೋಕಕ್ಕೆ ಸಿಗತೊಡಗಿದ್ದು 1939ರಿಂದ. ಅಷ್ಟು ಶತಮಾನ ಅದನ್ನು ಗೆದ್ದಲಿನಿಂದ, ಕರಾವಳಿಯ ಮಳೆಗಾಲದ ಬೂಷ್ಟಿನಿಂದ ಕಾಪಾಡಿದ ಕೈಗಳನ್ನು ಎಣಿಸಿಕೊಂಡರೆ ಮೈ ಜುಮ್ಮೆನ್ನುತ್ತದೆ.

ಶನಿವಾರ ಜಾಫಾದಲ್ಲಿದ್ದೆವು. ಇಸ್ರೇಲಿನಲ್ಲಿ ವಾರದ ರಜೆ ಶನಿವಾರ. ಆದ್ದರಿಂದ ಅಲ್ಲಿ ದುಡಿಯುವ ನಮ್ಮವರಿಗೆ ಬಲಿಪೂಜೆಯೂ ಅಂದೇ. ಮಂಗಳೂರು, ಉಡುಪಿ ಕಡೆಯ ಸಾವಿರಾರು ಮಂದಿ ಇಸ್ರೇಲಿನಲ್ಲಿ ವೃದ್ಧರ ಆರೈಕೆಯ ಕೆಲಸದಲ್ಲಿದ್ದಾರೆ. ಊರಿನಲ್ಲಿ ಕೇರ್‌ಗಿವರ್ ಎಂದರೆ ಸಾಕು, ಇಸ್ರೇಲ್ ಎಂದು ಹೇಳಬೇಕಾಗಿಲ್ಲ. ಸಂತ ಅಂತೋನಿಯವರ ಇಗರ್ಜಿಯ ಹೊರಗೆ ಹಬ್ಬದ ದಿನದ ಹಾಗೆ ಕೊಂಕಣಿ ಕೇಳುತ್ತಿತ್ತು. ವಾಮದಪದವಿನ, ಅಲಂಗಾರಿನ, ಉಜಿರೆಯ ಹುಡುಗ ಹುಡುಗಿಯರು. ಅಡಿಕೆಗೆ ಎಷ್ಟಾಯಿತು, ಮಳೆ ಬಂತಾ, ಅತ್ತೂರು ಜಾತ್ರೆಗೆ ಈ ಸಲ ಜನ ಹೇಗಿತ್ತು ಎಂದು ಮುತ್ತಿಕೊಂಡರು. ಪವಿತ್ರ ಭೂಮಿಯಲ್ಲಿ ಬಾಳುವವರು ಅತ್ತೂರಿನ ಸಂತ ಲಾರೆನ್ಸರಿಗಾಗಿ ಹಂಬಲಿಸುವುದನ್ನು ಕಂಡು ನನ್ನ ಮನಸ್ಸು ಕರಗಿತು.

ಅವರಲ್ಲಿ ಬೆಳ್ತಂಗಡಿ ತಾಲೂಕಿನ ಒಬ್ಬಳು ಜೆರುಸಲೇಮಿನಿಂದ ಶೇರ್ ಟ್ಯಾಕ್ಸಿ ಹಿಡಿದು ಬಂದಿದ್ದಳು. ತೊಂಬತ್ತು ದಾಟಿದ ಯಹೂದಿ ಅಜ್ಜಿಯೊಬ್ಬಳನ್ನು ನೋಡಿಕೊಳ್ಳುತ್ತಾಳೆ. ಶುಕ್ರವಾರ ಸೂರ್ಯ ಮುಳುಗುವ ಮೊದಲು ಅಜ್ಜಿಯ ಮುಂದೆ ಮೇಣದಬತ್ತಿ, ಬೆಂಕಿಪೊಟ್ಟಣ ಜೋಡಿಸಿಡುವುದು ಇವಳ ಕೆಲಸ. ಹಚ್ಚುವುದು ಅಜ್ಜಿ. ಕೈ ನಡುಗುವುದರಿಂದ ಮೊಣಕೈ ಹಿಡಿದುಕೊಳ್ಳಬೇಕು. ಹಾಲಿನ ಪಾತ್ರೆಯನ್ನೂ ಮಾಂಸದ ಪಾತ್ರೆಯನ್ನೂ ಬೇರೆ ಬೇರೆ ತೊಳೆಯುವ ಅವರ ಮಡಿಯನ್ನು ಚೂರೂ ತಪ್ಪದೆ ಕಲಿತಿದ್ದಾಳೆ. "ಅಜ್ಜಿಗೆ ಮರೆತುಹೋಗ್ತದೆ ಅಂಕಲ್, ನಾನು ನೆನಪು ಮಾಡಬೇಕು. ಅವರ ಹಬ್ಬ ಎಲ್ಲ ನನಗೇ ಬಾಯಿಪಾಠ." ವೀಸಾ ನಿಯಮದಂತೆ ಸಾಮಾನ್ಯವಾಗಿ ಐದು ವರ್ಷ ಮೂರು ತಿಂಗಳು ಇರಬಹುದು. ಅಜ್ಜಿ ಬದುಕಿರುವ ತನಕ ಇರಲು ಅರ್ಜಿ ಹಾಕುತ್ತೇನೆಂದಳು. ಪೊರ್ಬುಗಳು ಅವಳ ತಲೆಯ ಮೇಲೆ ಕೈಯಿಟ್ಟರು.

ಹೊರಡುವಾಗ ಅವಳು ನನ್ನನ್ನು ಬದಿಗೆ ಕರೆದು ಒಂದು ಕೆಲಸ ಒಪ್ಪಿಸಿದಳು. ಅವಳ ಅಪ್ಪನಿಗೂ ನೆರೆಮನೆಯವರಿಗೂ ಗಡಿಯ ತಕರಾರು ವರ್ಷಗಟ್ಟಲೆ ನಡೆದಿತ್ತು. ಕೊನೆಗೆ ಇಬ್ಬರೂ ಕೋರ್ಟಿಗೆ ಹೋಗುವುದು ಬೇಡವೆಂದು ಧರ್ಮಸ್ಥಳಕ್ಕೆ ಹೇಳಿಕೊಂಡು ಒಂದು ಗೆರೆಗೆ ಒಪ್ಪಿದರು. ಎರಡೂ ಮನೆಯವರು ಸೇರಿ ಹರಕೆ ಸಂದಾಯ ಮಾಡಬೇಕಿತ್ತು. ಅಷ್ಟರಲ್ಲಿ ಅಪ್ಪ ತೀರಿಕೊಂಡರು. ಇವಳು ಇಲ್ಲಿಗೆ ಬಂದಳು. "ಮಾತು ಕೊಟ್ಟದ್ದು ಹಾಗೇ ಉಳಿದಿದೆ. ಅಮ್ಮನನ್ನು ಒಮ್ಮೆ ಕರೆದುಕೊಂಡು ಹೋಗ್ತೀರಾ?"

ಊರಿಗೆ ಮರಳಿ, ಈಸ್ಟರ್ ಕಳೆದ ಮೇಲೆ ಹೋದೆವು. ನೆರೆಮನೆಯ ಯಜಮಾನರು ಬರಲಿಲ್ಲ. ಹೆಂಡತಿಯನ್ನೂ ಮಗನನ್ನೂ ಜೀಪು ಕೊಟ್ಟು ಕಳಿಸಿದ್ದರು. ಹೆಂಗಸರಿಬ್ಬರು ಹಿಂದಿನ ಸೀಟಿನಲ್ಲಿ ಮೊದಲು ಮಾತಾಡಲಿಲ್ಲ. ಉಜಿರೆ ದಾಟುವಾಗ ಹಟ್ಟಿಯ ದನದ ವಿಷಯದಿಂದ ಮಾತು ಶುರುವಾಯಿತು. ನೇತ್ರಾವತಿಯ ಸ್ನಾನಘಟ್ಟದಲ್ಲಿ ಕಾಲು ತೊಳೆದೆವು. ಇದೇ ನೀರು ಉಪ್ಪಿನಂಗಡಿ, ಬಂಟ್ವಾಳ ದಾಟಿ ಮೊಂತೆ ಮರಿಯಾನೊದ ಗುಡ್ಡದ ಕೆಳಗೆ ಹರಿದು ಕಡಲಿಗೆ ಹೋಗುತ್ತದೆ.

ಧರ್ಮಸ್ಥಳಕ್ಕೆ ನಾನು ಹೊಸಬನಲ್ಲ. ಲಕ್ಷದೀಪೋತ್ಸವದ ಸರ್ವಧರ್ಮ ಸಮ್ಮೇಳನದಲ್ಲಿ ನಮ್ಮ ಧರ್ಮಗುರುಗಳು ಮಾತಾಡುವುದನ್ನು ಕೇಳಲು ಬಂದದ್ದುಂಟು. ಆದರೆ ಈ ಸಲ ಸ್ಥಳಪುರಾಣ ಬೇರೆ ರೀತಿಯಲ್ಲಿ ಮನಸ್ಸಿಗೆ ಬಂತು. ಕುಡುಮ ಎಂಬ ಈ ಊರಿನ ನೆಲ್ಯಾಡಿ ಬೀಡಿನಲ್ಲಿ ಬಿರ್ಮಣ್ಣ ಪೆರ್ಗಡೆ, ಅಮ್ಮು ಬಲ್ಲಾಳ್ತಿ ಎಂಬ ಜೈನ ದಂಪತಿಯಿದ್ದರು. ಅತಿಥಿಗಳಾಗಿ ಬಂದ ಧರ್ಮದೈವಗಳನ್ನು ಸತ್ಕರಿಸಿದರು. ದೈವಗಳು ಆ ಮನೆಯನ್ನೇ ಕೇಳಿದಾಗ ಬಿಟ್ಟುಕೊಟ್ಟು ಬೇರೆ ಮನೆ ಕಟ್ಟಿಕೊಂಡರು. ಅಣ್ಣಪ್ಪ ದೈವ ಕದ್ರಿಯಿಂದ ಲಿಂಗ ತಂದಿತು. ಹದಿನಾರನೆಯ ಶತಮಾನದಲ್ಲಿ ದೇವರಾಜ ಹೆಗ್ಗಡೆಯವರ ಆಹ್ವಾನದ ಮೇಲೆ ಬಂದ ಸೋದೆಯ ವಾದಿರಾಜ ಸ್ವಾಮಿಗಳು ವೈದಿಕ ವಿಧಿಯಲ್ಲಿ ಪುನಃಪ್ರತಿಷ್ಠೆ ಮಾಡಿದರು. ಬಾಗಿಲು ತಟ್ಟಿದವರ ಜಾತಿ, ಮತ ಕೇಳದೆ ಮನೆ ತೆರವು ಮಾಡಿದ ಗೃಹಸ್ಥನೊಬ್ಬನಿಂದ ಇಷ್ಟೆಲ್ಲ ಮೊದಲಾಯಿತು. ಇಂದು ಆ ಮನೆತನದ ಪೀಠದಲ್ಲಿ 1968ರಿಂದ ಡಾ. ಡಿ. ವೀರೇಂದ್ರ ಹೆಗ್ಗಡೆಯವರಿದ್ದಾರೆ, ಇಪ್ಪತ್ತೊಂದನೆಯವರು. ಅನ್ನ, ಔಷಧ, ವಿದ್ಯೆ, ಅಭಯ ಎಂಬ ನಾಲ್ಕು ದಾನಗಳು ಅಲ್ಲಿನ ವ್ರತ. ಮಂಜುನಾಥನ ಎದುರು ಕೊಟ್ಟ ಮಾತಿಗೆ ಈ ಸೀಮೆಯಲ್ಲಿ ಎಷ್ಟು ತೂಕವಿದೆಯೆಂದು ಹೊರಗಿನವರಿಗೆ ವಿವರಿಸುವುದು ಕಷ್ಟ. ಎರಡು ಮನೆಗಳು ಕೋರ್ಟು ಬಿಟ್ಟು ಅದನ್ನು ನಂಬಿದವು ಎಂದರೆ ಸಾಕು.

ಅಂಗಿ ತೆಗೆದು ಸರದಿಯಲ್ಲಿ ನಿಂತೆ. ಹುಂಡಿಗೆ ಕಾಣಿಕೆ ಹಾಕುವಾಗ ಅವಳ ಅಮ್ಮ ಸೆರಗಿನ ಗಂಟು ಬಿಚ್ಚಿ, ಮಗಳು ಕಳಿಸಿದ ದುಡ್ಡನ್ನು ನೆರೆಮನೆಯಾಕೆಯ ಕೈಯಲ್ಲಿಟ್ಟು, "ನೀವೇ ಹಾಕಿ" ಎಂದರು. ಆಕೆ ಒಪ್ಪಲಿಲ್ಲ. ಕೊನೆಗೆ ಇಬ್ಬರ ಕೈಯೂ ಸೇರಿ ಹಾಕಿತು. ಅನ್ನದಾನ ಸೇವೆಯ ಕೌಂಟರಿನಲ್ಲಿ ಅವಳ ಅಪ್ಪನ ಹೆಸರು ಹೇಳಿದೆ. ಗುಮಾಸ್ತರು ಆ ಕ್ರೈಸ್ತ ಹೆಸರನ್ನು ಸರಿಯಾದ ಕಾಗುಣಿತದಲ್ಲಿ ಬರೆದು, ಊರು ಕೇಳಿ, ರಶೀದಿ ಹರಿದುಕೊಟ್ಟರು. ಅನ್ನಪೂರ್ಣದಲ್ಲಿ ಸಾಲಾಗಿ ಕೂತು ಅನ್ನ, ಸಾರು, ಹುಳಿ, ಪಾಯಸ ಉಂಡೆವು. ಅವಳ ಅಮ್ಮ ಊಟಕ್ಕೆ ಮೊದಲು ಎಂದಿನಂತೆ ಶಿಲುಬೆಯ ಗುರುತು ಹಾಕಿಕೊಂಡರು. ಬಡಿಸುವ ಹುಡುಗ ಅಷ್ಟು ಹೊತ್ತು ಸಾರಿನ ಸೌಟು ಎತ್ತಿ ಹಿಡಿದು ಕಾದ.

ರಶೀದಿಯ ಫೋಟೊ ವಾಟ್ಸಾಪ್ ಮಾಡಿದೆ. ರಾತ್ರಿ ಜೆರುಸಲೇಮಿನಿಂದ ಕರೆ ಬಂತು. ಹಿಂದಿನಿಂದ ಆ ಅಜ್ಜಿ ಹೀಬ್ರೂವಿನಲ್ಲಿ ಏನೋ ಕೇಳುತ್ತಿದ್ದದ್ದು, ಇವಳು ಅದೇ ಭಾಷೆಯಲ್ಲಿ ಸಮಾಧಾನ ಹೇಳಿದ್ದು ಕೇಳಿಸಿತು. "ಯಾರ ಫೋನು ಅಂತ ಕೇಳ್ತಾರೆ. ಊರಿನ ದೇವಸ್ಥಾನದ ಕೆಲಸ ಮುಗಿಯಿತು ಅಂದೆ. ಅಂಕಲ್, ನೆರೆಮನೆಯವರು ಬಂದಿದ್ರಾ?"

ಹೆಂಡತಿ, ಮಗ ಬಂದಿದ್ದರು, ಯಜಮಾನರು ಬರಲಿಲ್ಲ ಎಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, ಮುಂದಿನ ಮೋಂತಿ ಫೆಸ್ತಿಗೆ ಅಮ್ಮ ಅವರ ಮನೆಗೂ ತೆನೆ ಕೊಟ್ಟು ಬರಲಿ, ಆಗ ಅವರು ಮನೆಯಲ್ಲೇ ಇರುತ್ತಾರೆ ಎಂದಳು.